ಏಳರ ಹೊಟ್ಟೆಯಲ್ಲಿ ಎಕ್ಸ್‌ಪಿ

2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಯನ್ನು ಕೈಬಿಟ್ಟಿತು. ಇನ್ನು ಮುಂದೆ ಅದಕ್ಕೆ ಭದ್ರತೆಯ ಅಪ್‌ಡೇಟ್‌ಗಳಿಲ್ಲ ಎಂದು ಸಾರಿತು. ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿದ್ದ ಒಂದು ಪ್ರೆಸ್ಸಿನಲ್ಲಿ ಇದನ್ನು ಯಾರೂ ಗಮನಿಸಲಿಲ್ಲ. ಅಲ್ಲಿ ಎಕ್ಸ್‌ಪಿ ಎಂದಿನಂತೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಾಗ ಏಳುತ್ತಿತ್ತು, ಸಂಜೆ ಕರೆಂಟ್ ಹೋದರೆ ಹೇಳದೆ ಕೇಳದೆ ಮಲಗುತ್ತಿತ್ತು. ಅದು ನಿಜಕ್ಕೂ ನಿಂತದ್ದು ಆಗಸ್ಟ್‌ನಲ್ಲಿ, ಮೈಕ್ರೋಸಾಫ್ಟ್‌ಗೂ ಅದಕ್ಕೂ ಸಂಬಂಧವಿರಲಿಲ್ಲ. ಮದರ್‌ಬೋರ್ಡಿನ ಮೇಲಿನ ಕೆಪಾಸಿಟರ್‌ಗಳು ತಲೆಯುಬ್ಬಿ ಒಸರಿಬಿಟ್ಟಿದ್ದವು.

ಆಗಸ್ಟ್ ಅಂದರೆ ಆ ಪ್ರೆಸ್ಸಿಗೆ ಸಹಕಾರ ಸಂಘಗಳ ಸುಗ್ಗಿ. ಸೆಪ್ಟೆಂಬರಿನೊಳಗೆ ಪತ್ತಿನ ಸಂಘಗಳು ವಾರ್ಷಿಕ ಮಹಾಸಭೆ ಮುಗಿಸಬೇಕು, ಸಭೆಗೆ ಮೊದಲು ವರದಿಯ ಪುಸ್ತಕ ಸದಸ್ಯರ ಕೈಸೇರಬೇಕು. ಹೋದ ವರ್ಷದ ಪೇಜ್‌ಮೇಕರ್ ಫೈಲ್ ತೆಗೆದು, ಅಧ್ಯಕ್ಷರು ಬದಲಾಗಿದ್ದರೆ ಫೋಟೊ ಬದಲಿಸಿ, ಜಮಾ-ಖರ್ಚಿನ ಅಂಕಿ ತಿದ್ದಿದರೆ ಅರ್ಧ ದಿನದ ಕೆಲಸ. ಮೊದಲಿಂದ ಕೂತು ಟೈಪ್ ಮಾಡಿದರೆ ವಾರ ಹಿಡಿಯುತ್ತದೆ. ಮದುವೆ ಕಾರ್ಡು, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಕರಪತ್ರ, ಶಾಲೆಗಳ ಅಂಕಪಟ್ಟಿ, ಎಲ್ಲವೂ ಇದೇ ಲೆಕ್ಕ. ಪ್ರೆಸ್ಸಿನ ಬಂಡವಾಳ ಆಫ್‌ಸೆಟ್ ಮಷಿನ್ ಅಲ್ಲ, ಹಳೆಯ ಫೈಲುಗಳು.

ಫೈಲುಗಳು ಉಳಿದಿದ್ದವು. ಹಾರ್ಡ್ ಡಿಸ್ಕಿಗೆ ಏನೂ ಆಗಿರಲಿಲ್ಲ. ಯಜಮಾನರು ಮರುದಿನವೇ ಹೊಸ ಕಂಪ್ಯೂಟರ್ ತಂದರು, ಅದರಲ್ಲಿ 64 ಬಿಟ್‌ನ ವಿಂಡೋಸ್ 7 ಇತ್ತು. ಪೀಕಲಾಟ ಶುರುವಾದದ್ದು ಡಾಂಗಲ್‌ನಿಂದ. ಪ್ರೆಸ್ಸಿನವರು ದುಡ್ಡು ಕೊಟ್ಟು ಕೊಂಡಿದ್ದ ಕನ್ನಡ ಲಿಪಿ ತಂತ್ರಾಂಶಕ್ಕೆ ಹೆಬ್ಬೆರಳಿನಷ್ಟುದ್ದದ ಒಂದು ಯುಎಸ್‌ಬಿ ತುಂಡು ಬೇಕು. ಅದು ಚುಚ್ಚಿದ್ದರೆ ಕೀಲಿಮಣೆ ಕನ್ನಡ ಮೂಡಿಸುತ್ತದೆ, ಕಿತ್ತರೆ ಬರೀ ಇಂಗ್ಲಿಷ್. ನುಡಿಯೂ ಬರಹವೂ ಪುಕ್ಕಟೆ ಸಿಗುತ್ತಿದ್ದಾಗಲೂ ಇವರು ಕೊಂಡ ಅಕ್ಷರಗಳನ್ನೇ ನೆಚ್ಚಿದ್ದರು, ಮದುವೆ ಕಾರ್ಡಿಗೆ ಬೇಕಾದ ಬಳುಕು ಅವುಗಳಲ್ಲಿದೆ ಎಂದು. ಆ ಡಾಂಗಲ್‌ನ ಡ್ರೈವರ್ 32 ಬಿಟ್‌ನದು. 64 ಬಿಟ್‌ನ ವಿಂಡೋಸ್ 32 ಬಿಟ್‌ನ ಪ್ರೋಗ್ರಾಮ್‌ಗಳನ್ನು ಓಡಿಸುತ್ತದೆ, ಆದರೆ 32 ಬಿಟ್‌ನ ಡ್ರೈವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಡ್ರೈವರ್ ಅನ್ನುವುದು ವಿಂಡೋಸ್‌ನ ತಿರುಳಾದ ಕರ್ನಲ್‌ನಲ್ಲೇ ಹೋಗಿ ಕೂರುವಂಥದ್ದು, ಅಲ್ಲಿ ಬೆರಕೆ ನಡೆಯದು.

ಯೂನಿಕೋಡ್‌ನಲ್ಲಿ ಮಾಡಬಹುದಿತ್ತಲ್ಲ ಎಂದು ಈಗ ಕೇಳುವುದು ಸುಲಭ. ಎಕ್ಸ್‌ಪಿ ಜೊತೆಗೇ ತುಂಗಾ ಎಂಬ ಯೂನಿಕೋಡ್ ಕನ್ನಡ ಅಕ್ಷರ ಬಂದಿತ್ತು. ಆದರೆ ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿರಲಿಲ್ಲ. 2001ರ 7ನೇ ಆವೃತ್ತಿಯೇ ಅದರ ಕೊನೆಯ ದೊಡ್ಡ ಆವೃತ್ತಿ, ಅಡೋಬಿಯವರ ಗಮನ ಅಷ್ಟರಲ್ಲಾಗಲೇ ಇನ್‌ಡಿಸೈನ್ ಕಡೆ ತಿರುಗಿತ್ತು. ಕರ್ನಾಟಕದ ಸಣ್ಣ ಪ್ರೆಸ್ಸುಗಳು ಮಾತ್ರ ತಿರುಗಲಿಲ್ಲ.

ಅವನನ್ನು ಕರೆಸಿದ್ದು ಆಗ. ಡಿಪ್ಲೊಮಾ ಮುಗಿಸಿ ಊರಿನ ಅಂಗಡಿ, ಶಾಲೆಗಳಿಗೆ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದ ಹುಡುಗ. ಈಗ ಬೆಂಗಳೂರಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಅವನು ತನ್ನ ವೃತ್ತಿಯ ಓದು ಎಲ್ಲಾಯಿತು ಎಂದು ಕೇಳಿದರೆ ಕಾಲೇಜಿನ ಹೆಸರು ಹೇಳುವುದಿಲ್ಲ, ಆ ಪ್ರೆಸ್ಸಿನ ಕತೆ ತೆಗೆಯುತ್ತಾನೆ. ಅವನು ಹೋಗುವ ಹೊತ್ತಿಗೆ ಯಜಮಾನರ ಅಣ್ಣನ ಮಗ, ಎಂಜಿನಿಯರಿಂಗ್ ಓದುತ್ತಿದ್ದವನು, ರಜೆಗೆ ಬಂದು ಹೊಸ ಕಂಪ್ಯೂಟರಿಗೆ ವರ್ಚುವಲ್‌ಬಾಕ್ಸ್ ಹಾಕಿ, ಅದರಲ್ಲಿ ಒಂದು ವರ್ಚುವಲ್ ಮಷಿನ್ ಅರ್ಧಂಬರ್ಧ ಎಬ್ಬಿಸಿ, ಬಸ್ಸು ಹತ್ತಿ ಹೋಗಿದ್ದ. “ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಮಾಡ್ತೀನಿ ಅಂದ,” ಯಜಮಾನರು ಹೇಳಿದರು. “ಎರಡೂ ಇಲ್ದಂಗಾತು.”

ಕಂಪ್ಯೂಟರ್ ಒಳಗಿನ ಕಂಪ್ಯೂಟರ್ ಹೊಸ ವಿಚಾರವೇನಲ್ಲ. ಐಬಿಎಂ 1972ರಲ್ಲೇ ವಿಎಂ/370 ಎಂಬ ವ್ಯವಸ್ಥೆಯನ್ನು ಹೊರತಂದಿತ್ತು. ಒಂದೇ ಮೇನ್‌ಫ್ರೇಮ್ ಮೇಲೆ ಹಲವರು ತಂತಮಗೆ ಬೇರೆ ಬೇರೆ ಯಂತ್ರವಿದೆ ಎಂಬಂತೆ ದುಡಿಯುತ್ತಿದ್ದರು. ಮೇಜಿನ ಮೇಲಿನ ಇಂಟೆಲ್ ಯಂತ್ರಗಳಿಗೆ ಇದು ತಡವಾಗಿ ಬಂತು, ಏಕೆಂದರೆ ಆ ಪ್ರೊಸೆಸರ್‌ಗಳನ್ನು ಇದಕ್ಕೆಂದು ಮಾಡಿರಲಿಲ್ಲ. ತಡೆದು ನಿಲ್ಲಿಸಬೇಕಾದ ಕಡೆ ನಿಲ್ಲದೆ ಸದ್ದಿಲ್ಲದೆ ತಪ್ಪು ಉತ್ತರ ಕೊಟ್ಟು ಮುಂದೆ ಹೋಗುವ 17 ಆದೇಶಗಳು ಪೆಂಟಿಯಂನಲ್ಲಿವೆ ಎಂದು 2000ದ ಒಂದು ಸಂಶೋಧನಾ ಪ್ರಬಂಧ ಪಟ್ಟಿ ಮಾಡಿತ್ತು. ವಿಎಂವೇರ್ 1999ರಲ್ಲಿ ಅಂಥ ಆದೇಶಗಳನ್ನು ಓಡುತ್ತಿರುವಾಗಲೇ ತಿದ್ದಿ ಬರೆಯುವ ಉಪಾಯದಿಂದ ದಾರಿ ಮಾಡಿಕೊಂಡಿತು. 2005ರ ನವೆಂಬರಿನಲ್ಲಿ ಇಂಟೆಲ್ ಪ್ರೊಸೆಸರ್ ಒಳಗೇ ವಿಟಿ-ಎಕ್ಸ್ ಎಂಬ ಸೌಕರ್ಯ ಕೊಟ್ಟಿತು. ವರ್ಚುವಲ್‌ಬಾಕ್ಸ್ 2007ರಲ್ಲಿ ಜರ್ಮನಿಯ ಇನೊಟೆಕ್ ಕಂಪನಿಯಿಂದ ಹೊರಬಂದು, ಮರುವರ್ಷ ಸನ್ ಕೈಗೆ, 2010ರಲ್ಲಿ ಸನ್ ಸಮೇತ ಒರಾಕಲ್ ಕೈಗೆ ಹೋಯಿತು. ಪುಕ್ಕಟೆ ಸಿಗುತ್ತಿದ್ದುದರಿಂದ ಮಂಡಿಪೇಟೆಗೂ ಬಂತು.

ಯಜಮಾನರಿಗೆ ಅವನು ಇದನ್ನು ಬಾಡಿಗೆ ಮನೆಯ ಲೆಕ್ಕದಲ್ಲಿ ವಿವರಿಸಿದ. ಕೆಳಗಿನ ಮನೆಯಲ್ಲಿ ವಿಂಡೋಸ್ 7, ಅದೇ ಮಾಲೀಕ. ಮೇಲಿನ ಮಹಡಿಗೆ ಬಾಡಿಗೆಗೆ ಬರುವುದು ಎಕ್ಸ್‌ಪಿ. ನಡುವೆ ನಿಂತು ನೀರು, ಕರೆಂಟು ಹಂಚುವುದು ವರ್ಚುವಲ್‌ಬಾಕ್ಸ್. ತಾನು ಬಾಡಿಗೆದಾರ ಅನ್ನುವುದು ಎಕ್ಸ್‌ಪಿಗೆ ಗೊತ್ತೇ ಇರುವುದಿಲ್ಲ, ಇಡೀ ಮನೆ ತನ್ನದೆಂದೇ ತಿಳಿದಿರುತ್ತದೆ. “ಹಂಗಾದ್ರೆ ನಮ್ಮ ಮೇಲ್ಮನೆಯವರ ಥರ,” ಎಂದರು ಯಜಮಾನರು. ಆಮೇಲೆ ಆ ಕೆಲಸ ಮುಗಿಯುವವರೆಗೆ ಅವರ ಪ್ರಶ್ನೆ ಒಂದೇ: “ತೊಂದರೆ ಮ್ಯಾಗಿಂದೋ ಕೆಳಗಿಂದೋ?”

ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಅವನು ಇವತ್ತಿಗೂ ಕೇಳಿಲ್ಲ. ಪರದೆ ಮೇಲೆ ಬರುವ ಸಂದೇಶ ಕೆಲಸ ಎಲ್ಲಿ ನಿಂತಿತು ಎಂದು ಹೇಳುತ್ತದೆ. ಎಡವಟ್ಟು ಆದ ಜಾಗ ಬೇರೆಯೇ ಮಹಡಿಯಲ್ಲಿರಬಹುದು.

ಮೊದಲ ಸಂದೇಶವೊಂದು ಮಾತ್ರ ಪ್ರಾಮಾಣಿಕವಾಗಿತ್ತು. ಸ್ಟಾರ್ಟ್ ಒತ್ತಿದರೆ ವರ್ಚುವಲ್ ಮಷಿನ್ ಏಳಲೇ ಇಲ್ಲ. ಬಯೋಸ್‌ನಲ್ಲಿ ವಿಟಿ-ಎಕ್ಸ್ ಆಫ್ ಆಗಿದೆ ಎಂದಿತು. ಯಜಮಾನರ ಅಣ್ಣನ ಮಗ ಮೇಲಿನ ಯಂತ್ರಕ್ಕೆ ಎರಡು ಪ್ರೊಸೆಸರ್ ಕೊಟ್ಟಿದ್ದ. ಒಂದಕ್ಕಿಂತ ಹೆಚ್ಚು ಕೊಟ್ಟರೆ ವರ್ಚುವಲ್‌ಬಾಕ್ಸ್‌ಗೆ ವಿಟಿ-ಎಕ್ಸ್ ಬೇಕೇ ಬೇಕು. ಅಂದಿನ ಬಹಳಷ್ಟು ಕಂಪ್ಯೂಟರುಗಳಲ್ಲಿ ಆ ಸೌಕರ್ಯ ಇದ್ದೂ ಅಂಗಡಿಯಿಂದಲೇ ಆಫ್ ಆಗಿ ಬರುತ್ತಿತ್ತು. 2006ರಲ್ಲಿ ಭದ್ರತಾ ತಜ್ಞೆ ಯೊವಾನಾ ರುಟ್ಕೋವ್ಸ್ಕಾ ‘ಬ್ಲೂ ಪಿಲ್’ ಎಂಬ ಪ್ರಯೋಗದಲ್ಲಿ, ಓಡುತ್ತಿರುವ ವಿಂಡೋಸನ್ನೇ ಅದಕ್ಕೆ ಅರಿವಾಗದಂತೆ ಮಹಡಿಗೆ ಏರಿಸಿ ತೋರಿಸಿದ ಮೇಲೆ ತಯಾರಕರು ಅಂಜಿದರು ಎನ್ನುವವರಿದ್ದಾರೆ. ಅವನು ಬಯೋಸ್‌ಗೆ ಹೋಗಿ ಅದನ್ನು ಆನ್ ಮಾಡಿದ, ಜೊತೆಗೆ ಪ್ರೊಸೆಸರ್ ಒಂದಕ್ಕೆ ಇಳಿಸಿದ. ಯಂತ್ರದಲ್ಲಿದ್ದ 4 ಜಿಬಿ ಮೆಮೊರಿಯಲ್ಲಿ 3 ಜಿಬಿಯನ್ನು ಎಕ್ಸ್‌ಪಿಗೇ ಬರೆದುಕೊಟ್ಟಿದ್ದನ್ನೂ 512 ಎಂಬಿಗೆ ತಂದ. 128 ಎಂಬಿ ಇದ್ದರೆ ಚೆನ್ನಾಗಿ ನಡೆಯುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದ್ದ ವ್ಯವಸ್ಥೆಗೆ ಅಷ್ಟು ಧಾರಾಳ. ಮಾಲೀಕನನ್ನೇ ಉಪವಾಸ ಕೆಡವಿ ಬಾಡಿಗೆದಾರನಿಗೆ ಬಡಿಸುವ ಈ ಉದಾರತೆಯನ್ನು ಅವನು ಮುಂದೆ ದೊಡ್ಡ ದೊಡ್ಡ ಕಂಪನಿಗಳಲ್ಲೂ ಕಂಡ.

ಯಂತ್ರ ಎದ್ದಿತು. ಕಪ್ಪು ಪರದೆ, ಬಿಳಿ ಅಕ್ಷರ: ‘ಫೇಟಲ್: ನೋ ಬೂಟಬಲ್ ಮೀಡಿಯಂ ಫೌಂಡ್! ಸಿಸ್ಟಮ್ ಹಾಲ್ಟೆಡ್.’

ಸಿಡಿ ಇಲ್ಲ ಎಂದು ಇದರ ಅರ್ಥ ಎಂದುಕೊಳ್ಳುವುದು ಸಹಜ. ಆದರೆ ಎಕ್ಸ್‌ಪಿ ಸಿಡಿಯ ಪಡಿಯಚ್ಚಿನಂಥ ಐಎಸ್‌ಒ ಫೈಲ್ ಲಗತ್ತಾಗಿತ್ತು. ತೆರೆದು ನೋಡಿದರೆ ಫೋಲ್ಡರ್‌ಗಳೆಲ್ಲ ಸರಿಯಾಗಿವೆ. ಕೊರತೆ ಇದ್ದದ್ದು ಕಣ್ಣಿಗೆ ಕಾಣದ ಕಡೆ. ಅಣ್ಣನ ಮಗ ಸಿಡಿಯ ಫೈಲುಗಳನ್ನು ಒಂದು ಫೋಲ್ಡರಿಗೆ ನಕಲು ಮಾಡಿ, ಆ ಫೋಲ್ಡರಿನಿಂದ ಐಎಸ್‌ಒ ಕಟ್ಟಿದ್ದ. ಸಿಡಿಯಿಂದ ಯಂತ್ರ ಏಳಬೇಕಾದರೆ ಅದರಲ್ಲಿ ಬೂಟ್ ದಾಖಲೆ ಎಂಬ ಪುಟ್ಟ ಭಾಗ ಇರಬೇಕು. ಅದು ಫೈಲಿನ ರೂಪದಲ್ಲಿ ಕಾಣಿಸುವಂಥದ್ದಲ್ಲ, ಹಾಗಾಗಿ ಕಾಪಿ-ಪೇಸ್ಟ್‌ಗೆ ಸಿಗುವುದಿಲ್ಲ. ಇದಕ್ಕಿರುವ ನಿಯಮಾವಳಿಗೆ ‘ಎಲ್ ಟೊರಿಟೊ’ ಎಂದು ಹೆಸರು, 1995ರದು. ಐಬಿಎಂ ಮತ್ತು ಫೀನಿಕ್ಸ್ ಕಂಪನಿಯ ಎಂಜಿನಿಯರುಗಳು ಕ್ಯಾಲಿಫೋರ್ನಿಯಾದ ಅದೇ ಹೆಸರಿನ ಮೆಕ್ಸಿಕನ್ ಹೋಟೆಲಿನಲ್ಲಿ ಕೂತು ಇದನ್ನು ಯೋಚಿಸಿದರಂತೆ ಎಂಬ ಕತೆ ಚಾಲ್ತಿಯಲ್ಲಿದೆ. ಖಾನಾವಳಿಯ ಹೆಸರು ಹೊತ್ತ ಕಂಪ್ಯೂಟರ್ ನಿಯಮ ಬೇರೆ ಯಾವುದಿದೆಯೋ. ಯಜಮಾನರ ಬೀರುವಿನಿಂದ ಅಸಲು ಸಿಡಿ ಬಂತು, ಪಂಚೆಯ ಅಂಚಿನಲ್ಲಿ ಅದನ್ನು ಒರೆಸಿಕೊಟ್ಟರು. ಇಡೀ ಸಿಡಿಯ ಪಡಿಯಚ್ಚು ತೆಗೆದಾಗ ಎಕ್ಸ್‌ಪಿಯ ನೀಲಿ ಸೆಟಪ್ ಪರದೆ ಕಾಣಿಸಿಕೊಂಡಿತು.

ಕೆಳಗಿನ ಪಟ್ಟಿಯಲ್ಲಿ ಎಫ್6 ಒತ್ತಿ ಎಂಬ ಸೂಚನೆ ಒಂದು ಕ್ಷಣ ಬಂದು ಹೋಯಿತು. ಡ್ರೈವರ್‌ಗಳ ಹೆಸರು ಸಾಲಾಗಿ ಓಡಿದವು. ಆಮೇಲೆ ಎಲ್ಲವೂ ನಿಂತು, ನಿಮ್ಮ ಕಂಪ್ಯೂಟರಿನಲ್ಲಿ ಯಾವುದೇ ಹಾರ್ಡ್ ಡಿಸ್ಕ್ ಸಿಗಲಿಲ್ಲ, ಮುಂದುವರಿಯಲು ಆಗದು, ಎಫ್3 ಒತ್ತಿ ಹೊರನಡೆಯಿರಿ ಎಂದಿತು.

ಡಿಸ್ಕ್ ಇತ್ತು. ವರ್ಚುವಲ್‌ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಹೆಸರು, ಗಾತ್ರ ಸಮೇತ ಕಾಣುತ್ತಿತ್ತು. ಡಿಸ್ಕ್ ಚಿಕ್ಕದಾಯಿತೇ, ಫೈಲ್ ಕೆಟ್ಟಿದೆಯೇ ಎಂದು ಅಲ್ಲಿ ಹುಡುಕುತ್ತಾ ಹೋದರೆ ಸಂಜೆಯಾಗುತ್ತದೆ. ಉತ್ತರ ಇದ್ದದ್ದು ಡಿಸ್ಕಿನಲ್ಲಲ್ಲ, ಡಿಸ್ಕನ್ನು ತಗುಲಿಸಿದ್ದ ಕಂಟ್ರೋಲರ್‌ನಲ್ಲಿ. ಯಂತ್ರ ಮಾಡುವಾಗ ಮೊದಲ ಪುಟದಲ್ಲೇ ವರ್ಚುವಲ್‌ಬಾಕ್ಸ್ ಕೇಳುತ್ತದೆ, ಒಳಗೆ ಯಾವ ವ್ಯವಸ್ಥೆ ಹಾಕುತ್ತೀರಿ ಎಂದು. ಅಣ್ಣನ ಮಗ ‘ವಿಂಡೋಸ್ 7’ ಎಂದು ಆರಿಸಿದ್ದ, ಹೊಸದು ಹೆಚ್ಚು ಒಳ್ಳೆಯದಿರಬೇಕು ಎಂದೋ ಏನೋ. ಅದೊಂದು ಹೆಸರಿನ ಪಟ್ಟಿ ಮಾತ್ರವಲ್ಲ. ಏನು ಆರಿಸುತ್ತೀರೋ ಅದಕ್ಕೆ ತಕ್ಕ ಯಂತ್ರಾಂಶವನ್ನೇ ವರ್ಚುವಲ್‌ಬಾಕ್ಸ್ ಒದಗಿಸುತ್ತದೆ. ವಿಂಡೋಸ್ 7 ಎಂದರೆ ಸಾಟಾ ಕಂಟ್ರೋಲರ್, ಎಕ್ಸ್‌ಪಿ ಎಂದರೆ ಹಳೆಯ ಐಡಿಇ. ಎಕ್ಸ್‌ಪಿ ಮಾರುಕಟ್ಟೆಗೆ ಬಂದದ್ದು 2001ರ ಅಕ್ಟೋಬರಿನಲ್ಲಿ, ಸಾಟಾ ಡಿಸ್ಕುಗಳು ಬಂದದ್ದು ಅದಾದ ಮೇಲೆ. ತಾನು ಹುಟ್ಟಿದಾಗ ಇರದಿದ್ದ ಬಾಗಿಲನ್ನು ಎಕ್ಸ್‌ಪಿ ಹೇಗೆ ತೆರೆದೀತು? ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡಿ ಎಂದು ಅದು ಕೇಳಿದ್ದು ಇಂಥ ಹೊತ್ತಿಗೇ. ಫ್ಲಾಪಿಯ ಗೊಡವೆಗೆ ಹೋಗದೆ ಅವನು ಸಾಟಾ ತೆಗೆದು, ಪಿಐಐಎಕ್ಸ್4 ಎಂಬ ಐಡಿಇ ಕಂಟ್ರೋಲರ್ ಹಾಕಿ, ಅದೇ ಡಿಸ್ಕನ್ನು ಅದಕ್ಕೆ ತಗುಲಿಸಿದ. ಎಕ್ಸ್‌ಪಿಗೆ ಡಿಸ್ಕ್ ಸಿಕ್ಕಿತು.

“ಮ್ಯಾಗಿಂದೋ ಕೆಳಗಿಂದೋ?”

“ನಡುವಿನದು ಯಜಮಾನ್ರೆ.”

ಡಿಟಿಪಿ ಕೆಲಸ ಮಾಡುವ ಅಕ್ಕ ಅಷ್ಟು ಹೊತ್ತು ಪಕ್ಕದಲ್ಲಿ ಕೂತು ಬರಿಗೈಲಿ ಬೇಸತ್ತಿದ್ದರು. ಫೈಲ್ ನಕಲಾಗಿ ಮುಗಿಯುವವರೆಗೆ ನೋಡುತ್ತಿರಿ ಎಂದು ಅವರಿಗೆ ಒಪ್ಪಿಸಿ ಅವನು ಚಹಾಕ್ಕೆ ಹೋದ. ಬಂದು ನೋಡಿದರೆ ಸೆಟಪ್ ಮತ್ತೆ ಮೊದಲ ಪುಟದಲ್ಲಿದೆ. ಇನ್ನೊಮ್ಮೆ ಬಿಟ್ಟರು, ಮತ್ತೆ ಅದೇ. ಹಾರ್ಡ್ ಡಿಸ್ಕ್ ಬರೆದದ್ದನ್ನು ಉಳಿಸಿಕೊಳ್ಳುತ್ತಿಲ್ಲವೇನೋ ಎಂಬ ಗುಮಾನಿ ಬಂತು. ಅಕ್ಕನ ಕೈ ಕೀಲಿಮಣೆಯ ಮೇಲಿದ್ದದ್ದು ಆಮೇಲೆ ಕಣ್ಣಿಗೆ ಬಿತ್ತು. ನಕಲು ಮುಗಿದು ಯಂತ್ರ ರೀಸ್ಟಾರ್ಟ್ ಆದಾಗ ಪರದೆ ಮೇಲೆ ‘ಪ್ರೆಸ್ ಎನಿ ಕೀ ಟು ಬೂಟ್ ಫ್ರಮ್ ಸಿಡಿ’ ಎಂದು ಬರುತ್ತದೆ. ಆಗ ಏನನ್ನೂ ಒತ್ತಬಾರದು. ಒತ್ತಿದರೆ ಡಿಸ್ಕಿನಲ್ಲಿ ಕಾಯುತ್ತಿರುವ ಅರ್ಧ ಎಕ್ಸ್‌ಪಿಯನ್ನು ಬಿಟ್ಟು ಸಿಡಿಯಿಂದ ಮೊದಲಿಗೇ ಹೋಗುತ್ತದೆ.

“ಒತ್ರಿ ಅಂತ ಅದೇ ಕೇಳ್ತೈತಲ್ಲ ತಮ್ಮಾ,” ಎಂದರು ಅಕ್ಕ.

ಅಕ್ಕನದು ನ್ಯಾಯವಾದ ಮಾತು. ಒತ್ತದೆಯೂ ಇರಬಹುದು ಎಂದು ಅಲ್ಲೆಲ್ಲೂ ಬರೆದಿರಲಿಲ್ಲ.

ಮುಂದಿನ ಹಂತದಲ್ಲಿ ಇನ್ನು 39 ನಿಮಿಷ ಎಂದು ಎಕ್ಸ್‌ಪಿ ಹೇಳಿತು. ಎಕ್ಸ್‌ಪಿ ಹಾಕಿದವರಿಗೆಲ್ಲ ಪರಿಚಯವಿರುವ ಸಂಖ್ಯೆ ಅದು, ಯಾವ ಯಂತ್ರಕ್ಕೆ ಹಾಕಿದರೂ ಅಲ್ಲಿಂದಲೇ ಎಣಿಕೆ. ನಡುವೆ ಒಮ್ಮೆ ಆ ಕಿಟಕಿಯೊಳಗೆ ಕ್ಲಿಕ್ ಮಾಡಿದ ಅಕ್ಕನ ಮೌಸ್ ಒಳಗೇ ಸಿಕ್ಕಿಹಾಕಿಕೊಂಡಿತು. ಎಷ್ಟು ಎಳೆದರೂ ಬಾಣ ಎಕ್ಸ್‌ಪಿಯ ಅಂಚು ದಾಟುತ್ತಿಲ್ಲ. ಬಲಗಡೆಯ ಕಂಟ್ರೋಲ್ ಕೀ ಒತ್ತಿದರೆ ಬಿಡುಗಡೆ. ಹತ್ತಾರು ವರ್ಷ ಟೈಪ್ ಮಾಡಿದ್ದರೂ ಆ ಕೀಯನ್ನು ತಾವು ಒಮ್ಮೆಯೂ ಮುಟ್ಟಿಲ್ಲ ಎಂದು ಅಕ್ಕ ಅಚ್ಚರಿಪಟ್ಟರು. ಮುಂದೆ ಎಕ್ಸ್‌ಪಿಗೆ ಗೆಸ್ಟ್ ಅಡಿಷನ್ಸ್ ಎಂಬ ವರ್ಚುವಲ್‌ಬಾಕ್ಸ್‌ನ ಪೂರಕ ತಂತ್ರಾಂಶ ಹಾಕಿದ ಮೇಲೆ ಆ ಕಾಟ ತಪ್ಪಿತು.

ಎಕ್ಸ್‌ಪಿ ಎದ್ದ ಮೇಲೆ ಅದಕ್ಕೆ ನೆಟ್‌ವರ್ಕ್ ಕಾರ್ಡ್ ಕಾಣಲಿಲ್ಲ, ಅದೂ ಅದೇ ‘ವಿಂಡೋಸ್ 7’ ಆಯ್ಕೆಯ ಇನ್ನೊಂದು ಕೊಡುಗೆ. ಅದು ಕೊಟ್ಟಿದ್ದ ಇಂಟೆಲ್ ಪ್ರೊ/1000 ಎಂಟಿ ಡೆಸ್ಕ್‌ಟಾಪ್ ಕಾರ್ಡಿಗೆ ಎಕ್ಸ್‌ಪಿಯ ಸಿಡಿಯಲ್ಲಿ ಡ್ರೈವರ್ ಇಲ್ಲ. ಎಎಂಡಿಯ ಹಳೆಯ ಪಿಸಿನೆಟ್ ಕಾರ್ಡಿಗೆ ಬದಲಿಸಿದ್ದೇ ತಡ, ಎಕ್ಸ್‌ಪಿ ತಾನಾಗಿಯೇ ಗುರುತು ಹಿಡಿಯಿತು. ವಿಂಡೋಸ್ ವಿಸ್ತಾದಿಂದ ಈಚೆಗೆ ಮೈಕ್ರೋಸಾಫ್ಟ್ ಆ ಕಾರ್ಡಿನ ಡ್ರೈವರನ್ನು ಕೈಬಿಟ್ಟಿತ್ತು, ಅಂದರೆ ಒಂದು ತಲೆಮಾರಿಗೆ ಸಲ್ಲುವುದು ಇನ್ನೊಂದಕ್ಕೆ ಸಲ್ಲದು. ವರ್ಚುವಲ್ ಮಷಿನ್‌ನಲ್ಲಿ ಹೊಸ ಯಂತ್ರಾಂಶವೇ ಮೇಲು ಎನ್ನುವ ಲೆಕ್ಕ ನಡೆಯುವುದಿಲ್ಲ. ವರ್ಚುವಲ್‌ಬಾಕ್ಸ್ ಇವತ್ತಿಗೂ ಇಂಥ ವ್ಯವಸ್ಥೆಗಳ ಮುಂದೆ 1996ರ ಇಂಟೆಲ್ 440ಎಫ್ಎಕ್ಸ್ ಚಿಪ್‌ಸೆಟ್‌ನ ವೇಷ ಹಾಕಿಯೇ ನಿಲ್ಲುತ್ತದೆ.

ಇಷ್ಟೆಲ್ಲ ಆದದ್ದು ಯಾವುದಕ್ಕಾಗಿಯೋ ಆ ಡಾಂಗಲ್ ಇನ್ನೂ ಬಾಕಿ ಇತ್ತು. ಚುಚ್ಚಿದರೆ ಕೆಳಗಿನ ವಿಂಡೋಸ್ 7 ಅದನ್ನು ಹಿಡಿದುಕೊಳ್ಳುತ್ತದೆ, ಡ್ರೈವರ್ ಇಲ್ಲವೆಂದು ಗೊಣಗುತ್ತದೆ, ಆದರೂ ಬಿಡುವುದಿಲ್ಲ. ಮೇಲಿನ ಎಕ್ಸ್‌ಪಿಯಲ್ಲಿ ಸುದ್ದಿಯೇ ಇಲ್ಲ, ಕನ್ನಡ ತಂತ್ರಾಂಶ ಬೀಗ ಸಿಗಲಿಲ್ಲ ಎನ್ನುತ್ತದೆ. ಆ ಸಂದೇಶವನ್ನು ನಂಬಿದ್ದರೆ ಹೊಸ ಡಾಂಗಲ್‌ಗೆ ಕಾಗದ ಬರೆಯಬೇಕಾಗುತ್ತಿತ್ತು. ವರ್ಚುವಲ್‌ಬಾಕ್ಸ್‌ನ ಯುಎಸ್‌ಬಿ ಪುಟದಲ್ಲಿ ಫಿಲ್ಟರ್ ಎಂಬ ಸೌಲಭ್ಯವಿದೆ: ಇಂಥ ಸಾಧನ ಬಂದರೆ ಕೆಳಗೆ ಕೊಡದೆ ನೇರ ಮೇಲೆ ಕಳಿಸು ಎಂದು ಬರೆದಿಡುವುದು. ಅವನು ಡಾಂಗಲ್‌ಗೆ ಫಿಲ್ಟರ್ ಹಾಕಿದ. ಏನೂ ಆಗಲಿಲ್ಲ, ಏಕೆಂದರೆ ಫಿಲ್ಟರ್ ಕೆಲಸ ಮಾಡುವುದು ಸಾಧನ ಒಳಬರುವ ಗಳಿಗೆಯಲ್ಲಿ. ಕಿತ್ತು ಮತ್ತೆ ಚುಚ್ಚಿದಾಗ ಎಕ್ಸ್‌ಪಿಯ ಮೂಲೆಯಲ್ಲಿ ಹೊಸ ಯಂತ್ರಾಂಶ ಸಿಕ್ಕಿದೆ ಎಂಬ ಹಳದಿ ಗುಳ್ಳೆ ಎದ್ದಿತು. 32 ಬಿಟ್‌ನ ಡ್ರೈವರ್ 32 ಬಿಟ್‌ನ ಎಕ್ಸ್‌ಪಿಯಲ್ಲಿ ತಕರಾರಿಲ್ಲದೆ ಕೂತಿತು.

ಪೇಜ್‌ಮೇಕರ್ ಹಾಕಿ, ಒಂದು ಪತ್ತಿನ ಸಂಘದ ವರದಿ ತೆರೆದರು. ಪಾನೋಸ್ ಫಾಂಟ್ ಮ್ಯಾಚಿಂಗ್ ಎಂಬ ಕಿಟಕಿ ಬಂತು: ನಿಮ್ಮ ಅಕ್ಷರಗಳು ಸಿಗಲಿಲ್ಲ, ಬದಲಿಗೆ ಹತ್ತಿರದ ಇಂಥದ್ದನ್ನು ಹಾಕುತ್ತೇನೆ. ಅವಸರದಲ್ಲಿ ಓಕೆ ಒತ್ತಿದವರಿಗೆ ಅಧ್ಯಕ್ಷರ ಮುನ್ನುಡಿಯಿಡೀ ಕೊಂಬು, ಬಾಲ ಮೂಡಿದ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್ ಪೂರ್ವದ ಕನ್ನಡ ಫಾಂಟುಗಳು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಒತ್ತು, ದೀರ್ಘಗಳನ್ನು ಕೂರಿಸಿದಂಥವು. ಫಾಂಟ್ ಹೋದರೆ ಕನ್ನಡವೂ ಹೋಯಿತು. ಅಕ್ಕ ಇದನ್ನು ಕಂಡವರೇ ಆದ್ದರಿಂದ ಕ್ಯಾನ್ಸಲ್ ಒತ್ತಿ, ಹಳೆಯ ಡಿಸ್ಕಿನ ಫಾಂಟ್ಸ್ ಫೋಲ್ಡರ್ ಕೊಡು ಎಂದರು. ಅದನ್ನು ಹಂಚಿಕೆಯ ಫೋಲ್ಡರಿನ ಮೂಲಕ ಮೇಲೆ ಕಳಿಸಿದ ಮೇಲೆ ಆಸ್ತಿ-ಹೊಣೆಗಾರಿಕೆ ಪಟ್ಟಿ ಕನ್ನಡದಲ್ಲಿ ತೆರೆದುಕೊಂಡಿತು. ಅಂದು ರಾತ್ರಿಯೇ ಟ್ರೇಸಿಂಗ್ ಪೇಪರ್ ಮೇಲೆ ಪ್ರಿಂಟ್ ತೆಗೆದು ಪ್ಲೇಟಿಗೆ ಕಳಿಸಿದರು.

ಅವನು ಬೆಂಗಳೂರು ಸೇರಿದ ಮೇಲೂ ಆ ಯಂತ್ರ ಓಡುತ್ತಿತ್ತು. 2020ರ ಜನವರಿಯಲ್ಲಿ ವಿಂಡೋಸ್ 7ರ ಸರದಿಯೂ ಮುಗಿಯಿತು. ಯಜಮಾನರು ವಿಂಡೋಸ್ 10 ಇರುವ ಕಂಪ್ಯೂಟರ್ ತಂದರು, ಎಕ್ಸ್‌ಪಿಯ ಡಿಸ್ಕ್ ಫೈಲನ್ನು ಹಾಗೇ ಎತ್ತಿ ಅದಕ್ಕೆ ಹಾಕಿಸಿಕೊಂಡರು. ಆಗ ಅಕ್ಕನ ಫೋನ್ ಬಂತು: ಎಕ್ಸ್‌ಪಿ ತೆವಳುತ್ತಿದೆ, “ಕೆಳಗೆ ಮೂಲ್ಯಾಗೆ ಒಂದು ಹಸಿರು ಆಮೆ ಕುಂತೈತೆ.”

ಆಮೆ ನಿಜವಾಗಿಯೂ ಇರುತ್ತದೆ. ವರ್ಚುವಲ್ ಮಷಿನ್ ಓಡಿಸಲು ವಿಂಡೋಸ್‌ನಲ್ಲೇ ಇರುವ ಹೈಪರ್-ವಿ ಮೊದಲೇ ವಿಟಿ-ಎಕ್ಸನ್ನು ಹಿಡಿದುಕೊಂಡಿದ್ದರೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ನಿಧಾನವಾಗಿ ಓಡಬೇಕಾಗುತ್ತದೆ, ಅದನ್ನು ಸೂಚಿಸಲು ಸ್ಥಿತಿಪಟ್ಟಿಯಲ್ಲಿ ಆಮೆಯ ಚಿತ್ರ ಹಾಕುತ್ತದೆ. ಹಿಂದೆ ವಿಟಿ-ಎಕ್ಸ್ ಇಲ್ಲದೆಯೂ ಎಕ್ಸ್‌ಪಿಯನ್ನು ಓಡಿಸುತ್ತಿದ್ದ ಹಳೆಯ ಉಪಾಯವನ್ನು 2019ರ ಡಿಸೆಂಬರಿನ 6.1ನೇ ಆವೃತ್ತಿಯಲ್ಲಿ ತೆಗೆದುಹಾಕಿದ್ದರು, ಹಾಗಾಗಿ ಅದೂ ಒದಗುವಂತಿರಲಿಲ್ಲ. ಹೈಪರ್-ವಿ ಓಡುತ್ತಿದ್ದರೆ ಕೆಳಗಿನ ವಿಂಡೋಸ್ 10 ಕೂಡ ನೇರವಾಗಿ ನೆಲದ ಮೇಲಿರುವುದಿಲ್ಲ, ಅದೂ ಹೈಪರ್-ವಿಯ ಮೇಲೆಯೇ ಕೂತಿರುತ್ತದೆ. ಯಜಮಾನರಿಗೆ ಹೇಳಿದಾಗ, “ಅಂದ್ರೆ ಓನರ್ರೂ ಬಾಡಿಗೆಗೇ ಅವ್ನೆ ಅನ್ನು,” ಎಂದು ನಕ್ಕರು. ಫೋನಿನಲ್ಲೇ ಅಕ್ಷರಕ್ಷರ ಹೇಳಿಕೊಟ್ಟು ಅಕ್ಕನ ಕೈಲಿ ಒಂದು ಸಾಲಿನ ಆದೇಶ ಟೈಪ್ ಮಾಡಿಸಿ ಹೈಪರ್-ವಿ ನಿಲ್ಲಿಸಿದ ಮೇಲೆ, ರೀಸ್ಟಾರ್ಟ್ ಆಗಿ ಆಮೆ ಹೋಯಿತು.

ಅಕ್ಕ ಈಗ ಬಿಡುವಾದಾಗ ಹಳೆಯ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸುತ್ತಿದ್ದಾರೆ. ಪರಿವರ್ತಕ ತಂತ್ರಾಂಶ ಅರ್ಕಾವತ್ತು ಇದ್ದ ಕಡೆ ಎಡವುತ್ತದೆ. ವರ್ಷ, ಕಾರ್ಯದರ್ಶಿ, ಖರ್ಚು, ಸಂಘದ ವರದಿಯಲ್ಲಿ ಅದಿಲ್ಲದ ಸಾಲೇ ಅಪರೂಪ, ಆದ್ದರಿಂದ ಒಂದೊಂದು ಪುಟವನ್ನೂ ಎಕ್ಸ್‌ಪಿಯಲ್ಲಿ ತೆರೆದಿಟ್ಟುಕೊಂಡು ಹೋಲಿಸಬೇಕು. ಎಕ್ಸ್‌ಪಿಯ ಡಿಸ್ಕ್ ಫೈಲಿನ ನಕಲು ಪ್ರೆಸ್ಸಿನಲ್ಲಿ, ಯಜಮಾನರ ಮನೆಯಲ್ಲಿ, ಬೆಂಗಳೂರಿನ ಅವನ ಕಂಪ್ಯೂಟರಿನಲ್ಲಿ ಇದೆ. ಡಾಂಗಲ್ ಮಾತ್ರ ಒಂದೇ. ಅದರ ಪ್ಲಾಸ್ಟಿಕ್ ಕವಚ ಬಿರುಕು ಬಿಟ್ಟಿರುವುದರಿಂದ ಅಕ್ಕ ಬೈಂಡಿಂಗ್‌ನ ಕ್ಯಾಲಿಕೋ ಪಟ್ಟಿ ಸುತ್ತಿ ಅಂಟಿಸಿದ್ದಾರೆ, ಆಗಸ್ಟ್ ಬಂದರೆ ಅದನ್ನು ಕೀಳಲು ಯಾರಿಗೂ ಬಿಡುವುದಿಲ್ಲ.